ಕೀಮೋಥೆರಪಿ: ರೋಗಿಗಳು ನಿರೀಕ್ಷಿಸಬೇಕಾದುದೇನು?

ವೇಗವಾಗಿ ವಿಭಜನೆಗೊಳ್ಳುವ ಜೀವಕೋಶಗಳನ್ನು ನಾಶಪಡಿಸುವ ಔಷಧಗಳಿಂದ ಕ್ಯಾನ್ಸರ್‌ಗೆ ನೀಡುವ ಚಿಕಿತ್ಸೆಯೇ ಕೀಮೋಥೆರಪಿ. ಈ ಔಷಧಗಳನ್ನು ಮಾತ್ರೆಯಾಗಿ ಇಲ್ಲವೇ ರಕ್ತನಾಳಕ್ಕೆ ಡ್ರಿಪ್ ಮೂಲಕ ಕೊಡಲಾಗುತ್ತಿದ್ದು, ದೇಹಕ್ಕೆ ಚೇತರಿಕೆಯ ಅವಕಾಶ ಸಿಗಲೆಂದು ಚಿಕಿತ್ಸೆಯನ್ನು ಹಲವೊಮ್ಮೆ ಎರಡು ಅಥವಾ ಮೂರು ವಾರಗಳ ಸುತ್ತುಗಳಾಗಿ, ಅಂದರೆ ಸೈಕಲ್‌ಗಳಾಗಿ ವಿಂಗಡಿಸಲಾಗುತ್ತದೆ.

ಪ್ರತಿ ಸುತ್ತಿಗೂ ಮುನ್ನ ಸಾಮಾನ್ಯವಾಗಿ ರಕ್ತಪರೀಕ್ಷೆ ನಡೆಯುತ್ತದೆ. ರಕ್ತಕಣಗಳ ಸಂಖ್ಯೆ ಸಾಲದಿದ್ದರೆ ವೈದ್ಯರು ಚಿಕಿತ್ಸೆಯನ್ನು ಮುಂದೂಡುವುದುಂಟು.

ಕೂದಲಿನ ಬುಡ, ಬಾಯಿ ಹಾಗೂ ಕರುಳಿನ ಒಳಪದರ ಮತ್ತು ಮೂಳೆಮಜ್ಜೆಯ ಆರೋಗ್ಯವಂತ ಕೋಶಗಳೂ ವೇಗವಾಗಿ ವಿಭಜನೆಗೊಳ್ಳುವುದರಿಂದ, ಔಷಧದ ಪೆಟ್ಟು ಅವುಗಳಿಗೂ ತಗಲಿ ಕೂದಲುದುರುವಿಕೆ, ಬಾಯಿಹುಣ್ಣು, ಭೇದಿ, ರಕ್ತಹೀನತೆ ಕಾಣಿಸಿಕೊಳ್ಳಬಹುದು. ಎಲ್ಲ ಔಷಧಗಳೂ ಕೂದಲು ಉದುರಿಸುವುದಿಲ್ಲ. ಉದುರಿದರೂ ಚಿಕಿತ್ಸೆ ಮುಗಿದ ಮೇಲೆ ಬಹುತೇಕರಲ್ಲಿ ಮತ್ತೆ ಬೆಳೆಯುತ್ತದೆ. ವಾಕರಿಕೆ, ವಾಂತಿ ತಡೆಯುವ ಆಂಡಾನ್ಸೆಟ್ರಾನ್‌ನಂತಹ ಔಷಧಗಳನ್ನು ಮುಂಚಿತವಾಗಿಯೇ ಕೊಡಲಾಗುತ್ತದೆ.

ಹೆಚ್ಚಿನ ಎಚ್ಚರ ಬೇಕಾದುದು ನ್ಯೂಟ್ರೋಪೀನಿಯಾ, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳ ಕೊರತೆಯ ಬಗ್ಗೆ. ಹಲವು ಔಷಧಗಳಲ್ಲಿ ಈ ಕೊರತೆಯು ಡೋಸ್ ಪಡೆದ 7ರಿಂದ 14 ದಿನಗಳ ನಡುವೆ ತೀವ್ರವಾಗುವುದರಿಂದ, ಆ ಅವಧಿಯಲ್ಲಿ ಕೈ ಶುಚಿಯಾಗಿಟ್ಟುಕೊಂಡು, ಚೆನ್ನಾಗಿ ಬೆಂದ ಆಹಾರ ಸೇವಿಸುವುದು ಒಳಿತು. ಚಿಕಿತ್ಸೆಯ ಯಾವ ದಿನವೇ ಆಗಲಿ, ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಪ್ಯಾರಾಸಿಟಮಾಲ್ ನುಂಗಿ ಬೆಳಗಾಗಲೆಂದು ಕಾಯದೆ, ರೋಗಿಯು ಕೂಡಲೇ ಆಸ್ಪತ್ರೆಯನ್ನು ಸಂಪರ್ಕಿಸಬೇಕು.