ಸ್ವಂತ ಸೂರಿಗೆ ಸತಿಪತಿಗಳ ಮಿತವ್ಯಯ

ಬಾಡಿಗೆ ಮನೆಯಲ್ಲಿ ಸಂಸಾರ ಆರಂಭಿಸಿದ ಸತಿಪತಿಗಳಿಗೆ ಸ್ವಂತ ಸೂರಿನ ಹಂಬಲ ಸಹಜವಾದುದು. ಆದರೆ ಬ್ಯಾಂಕು ಮನೆಯ ಪೂರ್ಣ ಬೆಲೆಯನ್ನು ಸಾಲವಾಗಿ ಕೊಡುವುದಿಲ್ಲವೆಂಬುದನ್ನು ನಾವು ಮೊದಲು ಅರಿಯಬೇಕು. ರಿಸರ್ವ್ ಬ್ಯಾಂಕಿನ ನಿಯಮದಂತೆ 30ರಿಂದ 75 ಲಕ್ಷ ರೂಪಾಯಿಗಳ ಗೃಹಸಾಲವು ಮನೆಯ ಬೆಲೆಯ ಶೇ. 80ನ್ನು ಮೀರುವಂತಿಲ್ಲ. 40 ಲಕ್ಷದ ಮನೆಗೆ 32 ಲಕ್ಷ ಸಾಲ ದೊರೆತರೂ 8 ಲಕ್ಷವನ್ನು ನಾವೇ ಹೊಂದಿಸಬೇಕು; ಮುದ್ರಾಂಕ ಹಾಗೂ ನೋಂದಣಿ ಶುಲ್ಕಗಳು ಬೇರೆ.

ಐದು ವರ್ಷಗಳಲ್ಲಿ 8 ಲಕ್ಷ ಕೂಡಬೇಕಾದರೆ, ಬಡ್ಡಿಯನ್ನು ಗಣಿಸದೆ, ತಿಂಗಳಿಗೆ ಸುಮಾರು 13,300 ರೂಪಾಯಿ ಉಳಿಯಬೇಕು. ಖರ್ಚಾಗಿ ಉಳಿದದ್ದನ್ನು ಕೂಡಿಡುತ್ತೇವೆಂದರೆ ಏನೂ ಉಳಿಯದು. ಸಂಬಳ ಬಂದ ದಿನವೇ ಅಂಚೆ ಕಚೇರಿಯ ಐದು ವರ್ಷದ ಆರ್.ಡಿ. ಖಾತೆಗೆ ಆ ಮೊತ್ತ ಸೇರಲಿ. ಮಿಕ್ಕುದರಲ್ಲಿ ಸಂಸಾರ ಸಾಗಲಿ.

ಯಾವುದನ್ನು ಕಡಿಮೆ ಮಾಡಬೇಕೆಂಬುದನ್ನು ಇಬ್ಬರೂ ಕುಳಿತು, ಲೆಕ್ಕ ಬರೆದು ನಿರ್ಧರಿಸಬೇಕು. ಕಂತಿನ ಮೊಬೈಲು, ಹೊರಗಿನಿಂದ ತರಿಸುವ ಊಟ, ಸಾಲ ಮಾಡಿ ನಡೆಸುವ ಆಡಂಬರ ಮೊದಲು ನಿಲ್ಲಲಿ. ಹೆತ್ತವರ ಔಷಧಿ, ಮಕ್ಕಳ ಹಾಲು, ಮನೆಗೆ ಬಂದವರ ಪ್ರಸಾದಕ್ಕೆ ಕೊರತೆಯಾಗದಿರಲಿ. ಒಬ್ಬರು ಬಿಗಿಹಿಡಿದು ಇನ್ನೊಬ್ಬರು ಮರೆಮಾಚಿ ವ್ಯಯಿಸಿದರೆ ಹಣದೊಂದಿಗೆ ವಿಶ್ವಾಸವೂ ಕರಗುತ್ತದೆ.

ಪತಿ ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಅದನ್ನು ಹಿಂದಿರುಗಿಸಲು ತಿಳಿಸಿದವರು ಶರಣೆ ಆಯ್ದಕ್ಕಿ ಲಕ್ಕಮ್ಮನವರು. ಎಷ್ಟು ಸಾಕು ಎಂಬ ಆ ಪ್ರಶ್ನೆಯನ್ನು ಮನೆ ಆರಿಸುವಾಗಲೂ ಕೇಳಿಕೊಳ್ಳೋಣ. ಎರಡು ಕೋಣೆ ಸಾಲುವಲ್ಲಿ ಮೂರಕ್ಕೆ ಆಸೆಪಟ್ಟರೆ ಕಂತಿನ ಭಾರ ಇಪ್ಪತ್ತು ವರ್ಷ ಬೆನ್ನಿಗಿರುತ್ತದೆ.