ಬನ್ನೇರುಘಟ್ಟ: ಗಡಿ ದಾಟಿದರೆ ಸೊರಗುವ ಕಾನೂನು

ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನವೆಂದರೆ ಹಲವರಿಗೆ ಸಫಾರಿ, ಮೃಗಾಲಯ ಅಷ್ಟೇ. ಅದು ನಿಜಕ್ಕೂ 260 ಚದರ ಕಿ.ಮೀ. ಹರಡಿಕೊಂಡ ಆನೆ ಕಾಡು. ದಕ್ಷಿಣದಲ್ಲಿ ಕಾವೇರಿ ವನ್ಯಧಾಮದ ಕಾಡುಗಳತ್ತ ಚಾಚಿಕೊಂಡಿದೆ. ಉತ್ತರದಲ್ಲಿ ಬೆಂಗಳೂರಿನ ಜಯನಗರ, ಬಿಟಿಎಂ ಲೇಔಟ್, ಜೆ.ಪಿ. ನಗರಗಳ ಅಂಚಿನಿಂದ ಹೊರಟ ಬಡಾವಣೆಗಳ ಸಾಲು ಅದರ ಬೇಲಿಯವರೆಗೂ ಬಂದಿದೆ.

ಬೇಲಿಯೊಳಗೆ ಕಾನೂನು ಗಟ್ಟಿಯಾಗಿಯೇ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 35ನೇ ಸೆಕ್ಷನ್ ಪ್ರಕಾರ ರಾಷ್ಟ್ರೀಯ ಉದ್ಯಾನದಲ್ಲಿ ದನ ಮೇಯಿಸುವಂತಿಲ್ಲ. ರಾಷ್ಟ್ರೀಯ ವನ್ಯಜೀವಿ ಮಂಡಳಿ ಶಿಫಾರಸು ಮಾಡದೆ ರಾಜ್ಯ ಸರ್ಕಾರ ಗಡಿ ಬದಲಿಸುವಂತಿಲ್ಲ. ಒತ್ತುವರಿಯ ವಿಷಯಕ್ಕೆ 2002ರ ತಿದ್ದುಪಡಿ 34ಎ ಸೆಕ್ಷನ್ ತಂದಿತು. ಅದರಂತೆ ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ ಅಥವಾ ಅವರಿಗಿಂತ ಮೇಲಿನ ಅಧಿಕಾರಿ, ಒತ್ತುವರಿದಾರರ ಅಹವಾಲು ಕೇಳಿ, ಸರ್ಕಾರಿ ಜಾಗದಿಂದ ಅವರನ್ನು ಒಕ್ಕಲೆಬ್ಬಿಸಬಹುದು. ಕಟ್ಟಡ, ಬೇಲಿ ಕೀಳಿಸಬಹುದು.

ತೊಡಕಿರುವುದು ಬೇಲಿಯಾಚೆ. ಆನೆಗೆ ಸರ್ವೆ ಕಲ್ಲು ತಿಳಿಯದು. ನೀರು, ಮೇವು ಇದ್ದತ್ತ ಅದು ನಡೆಯುತ್ತದೆ. ಹಾಗಾಗಿಯೇ 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ಉದ್ಯಾನದ ಸುತ್ತ ಪರಿಸರ ಸೂಕ್ಷ್ಮ ವಲಯ ಗುರುತಿಸುತ್ತಾರೆ. ಬನ್ನೇರುಘಟ್ಟಕ್ಕೆ 2016ರ ಕರಡು ಅಧಿಸೂಚನೆ 268.96 ಚದರ ಕಿ.ಮೀ. ವಲಯ ಸೂಚಿಸಿತ್ತು. 2020ರ ಮಾರ್ಚ್‌ನಲ್ಲಿ ಅಂತಿಮ ಅಧಿಸೂಚನೆ ಹೊರಬಿದ್ದಾಗ ಉಳಿದದ್ದು 168.84 ಚದರ ಕಿ.ಮೀ. ಮಾತ್ರ. ರಾಮನಗರದ ಕಡೆ ಗರಿಷ್ಠ 1 ಕಿ.ಮೀ. ಅಗಲವಿರುವ ಈ ವಲಯ ಬೆಂಗಳೂರಿನ ಕಡೆ 100 ಮೀಟರಿಗೆ ಇಳಿದಿದೆ. ನಗರದ ಒತ್ತಡ ಎಲ್ಲಿ ಹೆಚ್ಚೋ ಅಲ್ಲಿಯೇ ರಕ್ಷಣೆ ಕಡಿಮೆ. ಇದು ತಲೆಕೆಳಗಾದ ಲೆಕ್ಕ.

ವಲಯದೊಳಗೆ ವಾಣಿಜ್ಯ ಗಣಿಗಾರಿಕೆ, ಕಲ್ಲು ಕ್ವಾರಿ, ಕ್ರಷರ್, ಮಾಲಿನ್ಯಕಾರಕ ಕೈಗಾರಿಕೆಗಳಿಗೆ ನಿಷೇಧವಿದೆ. ಬೇಸಾಯಕ್ಕೆ ತಡೆಯಿಲ್ಲ, ವಲಯ ಬಂದರೆ ಜಮೀನೇ ಹೋಗುತ್ತದೆಂಬ ಭಯಕ್ಕೆ ಆಧಾರವಿಲ್ಲ. 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಸಂರಕ್ಷಿತ ಕಾಡುಗಳ ಸುತ್ತ ಕನಿಷ್ಠ 1 ಕಿ.ಮೀ. ವಲಯವಿರಲಿ ಎಂದಿತ್ತು, 2023ರ ಏಪ್ರಿಲ್‌ನಲ್ಲಿ ಅದನ್ನು ಸಡಿಲಿಸಿತು. ಆದರೆ ಉದ್ಯಾನದ ಗಡಿಯಿಂದ 1 ಕಿ.ಮೀ.ವರೆಗೆ ಗಣಿಗಾರಿಕೆ ಕೂಡದೆಂಬ ಮಾತನ್ನು ಉಳಿಸಿಕೊಂಡಿತು. ನಗರದ ಅಂಚಿನಲ್ಲಿ ಸೂಕ್ಷ್ಮ ವಲಯ 100 ಮೀಟರಿಗೇ ಮುಗಿದರೂ ಗಣಿಗೆ ಮಾತ್ರ ಈ ತಡೆ ಅನ್ವಯಿಸುತ್ತದೆ.

ಬಡಾವಣೆಗಳಿಗೆ ಅಂಥ ತಡೆ ಇಲ್ಲ. ಕಾಡಂಚಿನಲ್ಲಿ ನಿವೇಶನ ಕೊಳ್ಳುವವರು ಪಹಣಿ, ಖಾತೆ ನೋಡಿದರೆ ಸಾಲದು. ಆ ಸರ್ವೆ ನಂಬರು ಅರಣ್ಯಕ್ಕೋ ಸೂಕ್ಷ್ಮ ವಲಯಕ್ಕೋ ಸೇರಿದೆಯೇ ಎಂದು ಅರಣ್ಯ ಇಲಾಖೆಯಲ್ಲಿ ವಿಚಾರಿಸಿಯೇ ಮುಂಗಡ ಕೊಡಬೇಕು.