ಸಾಣೆ ಮಲ್ಲಿಯ ಆರು ಚೂರಿ

ದಾಳ ಉರುಳಿಸಿ ಕಥೆ ಕಟ್ಟುವ ಆಟಕ್ಕೆ ಬೆಂಗಳೂರು ದಂಡಿನ ಬೀದಿಯಿಂದ ಎದ್ದು ಬಂದವಳ ವೃತ್ತಾಂತ

ಭಾನುವಾರ ಬೆಳಿಗ್ಗೆ ಅಣ್ಣನ ಮಗಳು ಕೆ.ಆರ್. ಪುರದಲ್ಲಿ ಮೆಟ್ರೊ ಹತ್ತಿ ಹಲಸೂರಿನ ನಮ್ಮ ಮನೆಗೆ ಬಂದಳು. ಕೈಯಲ್ಲಿ ಒಂದು ಕ್ಯಾರೆಕ್ಟರ್ ಶೀಟ್. ಹೆಸರಿನ ಜಾಗ ಖಾಲಿ, ಊರಿನ ಜಾಗ ಖಾಲಿ. ಆಯುಧದ ಸಾಲಿನಲ್ಲಿ ಮಾತ್ರ ಒತ್ತಿ ಒತ್ತಿ ಬರೆದಿದ್ದಳು: ಚೂರಿ.

"ಚಿಕ್ಕಪ್ಪಾ, ನಂಗೆ ಚೂರಿ ಎಸೆಯೋಳು ಬೇಕು. ಬಿಲ್ಲು ಬೇಡ, ಮಂತ್ರ ಬೇಡ. ಬರೀ ಚೂರಿ. ಸಂಜೆ ಆಟದೊಳಗೆ ರೆಡಿ ಆಗ್ಬೇಕು."

ಸಂಜೆಯ ಆಟ ಇಂದಿರಾನಗರದ ಗೆಳೆಯನ ಮನೆ ಮಹಡಿಯಲ್ಲಿ. ತಿಂಗಳಿಗೆ ಎರಡು ಭಾನುವಾರ ನಾವು ಐದಾರು ಜನ ಅಲ್ಲಿ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ ಹೊರತಂದ ಈ ಆಟವನ್ನು ಕನ್ನಡಿಗರಿಗೆ ವಿವರಿಸುವುದು ಸುಲಭ. ತಾಳಮದ್ದಳೆ ನೋಡಿದವರಿಗೆ ಅರ್ಧ ಆಟ ಆಗಲೇ ಗೊತ್ತು. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಮಾತು. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆ ಕ್ಷಣಕ್ಕೆ ಹೊಳೆದದ್ದನ್ನು ಆಡುತ್ತಾರೆ. ಭಾಗವತರ ಜಾಗದಲ್ಲಿ ಕಥೆ ನಡೆಸುವ ಡಿಎಂ, ಅಂದರೆ ಡಂಜನ್ ಮಾಸ್ಟರ್, ಕೂತಿರುತ್ತಾನೆ. ಪ್ರಸಂಗದ ಕೊನೆ ಇಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ನೀವು ಏನು ಮಾಡಲು ಹೊರಟಿದ್ದೀರೋ ಅದು ಕೈಗೂಡಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ನಮ್ಮ ಮೇಜಿನಲ್ಲಿ ಡಿಎಂ ನಾನೇ.

ಚೂರಿ ಎಸೆಯುವ ಪಾತ್ರ ಕೇಳುವವರು ಅನೇಕರು ಬರುತ್ತಾರೆ. ಎರಡು ಮೂರು ಆಟ ಆದಮೇಲೆ ಬಿಲ್ಲು ಹಿಡಿಯುತ್ತಾರೆ. ಲೆಕ್ಕ ಹಾಕಿದರೆ ಬಿಲ್ಲೇ ಮೇಲು, ಅದರಲ್ಲಿ ಸಂಶಯವಿಲ್ಲ. ಗಿಡ್ಡ ಬಿಲ್ಲಿನ ಬಾಣ 80 ಅಡಿ ತನಕ ಸಲೀಸಾಗಿ ಹೋಗುತ್ತದೆ, ಆರು ಮುಖದ ದಾಳದಷ್ಟು ಗಾಯ ಮಾಡುತ್ತದೆ. ಚೂರಿಗೆ ನಾಲ್ಕು ಮುಖದ ದಾಳ. ದೂರ 20 ಅಡಿ. ಅದಕ್ಕಿಂತ ಆಚೆ 60 ಅಡಿಯವರೆಗೆ ಎಸೆಯಬಹುದು, ಆದರೆ ದಾಳವನ್ನು ಎರಡು ಸಲ ಉರುಳಿಸಿ ಕಡಿಮೆ ಬಿದ್ದದ್ದನ್ನು ಇಟ್ಟುಕೊಳ್ಳಬೇಕು.

ಅಡಿಯ ಲೆಕ್ಕ ಬೆಂಗಳೂರಿಗರಿಗೆ ಹೇಳಿಕೊಡಬೇಕಾಗಿಲ್ಲ. ಟ್ವೆಂಟಿ ಥರ್ಟಿ ಸೈಟಿನ ಅಗಲ ಇದೆಯಲ್ಲ, ಚೂರಿಯ ಒಳ್ಳೆಯ ಎಸೆತ ಅಷ್ಟೇ. ಫಾರ್ಟಿ ಸಿಕ್ಸ್ಟಿ ಸೈಟಿನ ಉದ್ದ ಅದರ ಕಟ್ಟಕಡೆ. ಇಂದಿರಾನಗರದ ಹಂಡ್ರೆಡ್ ಫೀಟ್ ರೋಡಿನ ಆಚೆ ನಿಂತವನಿಗೆ ಈಚೆಯಿಂದ ಚೂರಿ ಎಸೆಯಲು ನಿಯಮವೇ ಬಿಡುವುದಿಲ್ಲ. ಶಿವಾಜಿನಗರದ ಸಂದಿಗಳಲ್ಲಿ ಮಾತ್ರ ಬಿಲ್ಲುಗಾರನಿಗೆ ಕೈ ಚಾಚಲು ಜಾಗವಿಲ್ಲ. ಅಲ್ಲಿ ಚೂರಿಯೇ ಸರಿ. "ಹಾಗಾದ್ರೆ ನನ್ನೋಳು ಅಲ್ಲಿಯೋಳೇ" ಎಂದಳು ಮಗಳು. ಊರಿನ ಜಾಗ ತುಂಬಿತು.

ಎಸೆದ ಮೇಲೆ ಕೈಯಲ್ಲಿ ಏನು ಉಳಿಯುತ್ತದೆ ಎಂದು ಅವಳನ್ನು ಕೇಳಿದೆ. ಕತ್ತಿಯವನು ಬೀಸಿದರೂ ಕತ್ತಿ ಕೈಯಲ್ಲೇ ಇರುತ್ತದೆ. ಬಿಲ್ಲುಗಾರನ ಬತ್ತಳಿಕೆಯಲ್ಲಿ ಇಪ್ಪತ್ತು ಬಾಣ. ಚೂರಿ ಎಸೆಯುವವಳು ಮಾತ್ರ ಪ್ರತಿ ಏಟಿಗೂ ತನ್ನ ಆಯುಧವನ್ನೇ ಎದುರಾಳಿಯ ಹತ್ತಿರಕ್ಕೆ ಕಳಿಸಿಕೊಡುತ್ತಾಳೆ. ಗುರಿ ತಪ್ಪಿದರೆ ಅವನ ಕೈಗೆ ಒಂದು ಚೂರಿ ಉಚಿತ.

2014ರ ನಿಯಮಪುಸ್ತಕದಲ್ಲಿ ಇದು ದೊಡ್ಡ ತಲೆನೋವಾಗಿತ್ತು. ಒಂದು ಸರದಿಯಲ್ಲಿ ಪುಕ್ಕಟೆಯಾಗಿ ಒಂದೇ ವಸ್ತುವನ್ನು ಒರೆಯಿಂದ ಎಳೆಯಬಹುದು. ಎರಡು ಕೈಯಲ್ಲಿ ಎರಡು ಚೂರಿ ಹಿಡಿದು ನಿಂತವಳು ಮೊದಲ ಸರದಿಯಲ್ಲಿ ಎರಡನ್ನೂ ಎಸೆದರೆ, ಮುಂದಿನ ಸರದಿಯಲ್ಲಿ ಒಂದನ್ನೇ ಎಸೆಯಬಲ್ಲಳು. 2020ರಲ್ಲಿ ಬಂದ ತಾಷಾಸ್ ಕಾಲ್ಡ್ರನ್ ಪುಸ್ತಕ ಇದಕ್ಕೊಂದು ಮದ್ದು ಕೊಟ್ಟಿತು. ಫೈಟರ್ ಆಗಿ ಒಂದು ಮಟ್ಟ ಕಲಿತು ಎಸೆತದ ಶೈಲಿ ಆರಿಸಿಕೊಂಡರೆ, ಎಸೆಯುವಾಗಲೇ ಚೂರಿ ಎಳೆಯಬಹುದು, ಗಾಯಕ್ಕೆ 2 ಸೇರುತ್ತದೆ. ನಿಮ್ಮ ಮೇಜಿನಲ್ಲಿ ಇನ್ನೂ ಹಳೆಯ ಪುಸ್ತಕವೇ ಇದ್ದರೆ ಕಣ್ಣು ಮುಚ್ಚಿಕೊಂಡು ಇದನ್ನು ತೆಗೆದುಕೊಳ್ಳಿ.

ನಾವು ಆಡುವುದು 2024ರ ನಿಯಮದಲ್ಲಿ. ಎಸೆಯುವ ಆಯುಧವನ್ನು ಎಸೆತದ ಜೊತೆಗೇ ಎಳೆಯುವ ಅವಕಾಶ ಈಗ ಎಲ್ಲರಿಗೂ ಇದೆ. ಮೇಲಾಗಿ ಚೂರಿಗೆ ನಿಕ್ ಎಂಬ ಪಟ್ಟು ಬಂದಿದೆ. ಅದನ್ನು ಕಲಿತ ರೋಗ್, ಅಂದರೆ ಕಳ್ಳವಿದ್ಯೆಯ ಪಾತ್ರ, ಒಂದೇ ಉಸಿರಿನಲ್ಲಿ ಎರಡು ಚೂರಿ ಬಿಡುತ್ತಾಳೆ. ಮೊದಲ ಮಟ್ಟದಲ್ಲಿ ಕೈಚಳಕದ ಅಂಕ 16 ಇದ್ದರೆ ದಾಳಕ್ಕೆ 5 ಸೇರುತ್ತದೆ. ಎದುರಾಳಿಯ ರಕ್ಷಣೆ 15 ಎಂದಿಟ್ಟುಕೊಳ್ಳಿ, ಒಂದು ಚೂರಿ ತಾಗುವ ಸಂಭವ ನೂರಕ್ಕೆ 55. ಎರಡು ಎಸೆದರೆ ಒಂದಾದರೂ ತಾಗುವ ಸಂಭವ ನೂರಕ್ಕೆ ಹೆಚ್ಚುಕಡಿಮೆ 80. ರೋಗ್‌ನ ಬಲವೆಲ್ಲ ಇರುವುದು ಸ್ನೀಕ್ ಅಟ್ಯಾಕ್‌ನಲ್ಲಿ. ಒಂದು ಸರದಿಗೆ ಒಂದೇ ಸಲ ಸಿಗುವ ಹೆಚ್ಚುವರಿ ದಾಳ ಅದು. ಮೊದಲ ಮಟ್ಟದಲ್ಲಿ ಒಂದು, ಐದನೆಯದರಲ್ಲಿ ಮೂರು. ಮೊದಲನೆಯ ಚೂರಿ ತಪ್ಪಿದರೆ ಅದನ್ನು ಎರಡನೆಯದು ತಲುಪಿಸುತ್ತದೆ. ಎರಡನೆಯ ಚೂರಿಯ ನಿಜವಾದ ಬೆಲೆ ಇದು.

ಈ ಸ್ನೀಕ್ ಅಟ್ಯಾಕ್ ಒಂಟಿಯಾಗಿ ನಿಂತವಳಿಗೆ ಸುಲಭದಲ್ಲಿ ದಕ್ಕುವುದಿಲ್ಲ. ಒಂದೋ ಮರೆಯಲ್ಲಿ ಅಡಗಿ ಎಸೆಯಬೇಕು, ಇಲ್ಲವೇ ಎದುರಾಳಿಯ ಐದಡಿಯೊಳಗೆ ನಮ್ಮವರೊಬ್ಬರು ನಿಂತಿರಬೇಕು. ಚೂರಿ ಎಸೆಯುವವಳನ್ನು ಒಂಟಿ ತೋಳದ ಹಾಗೆ ಕಲ್ಪಿಸಿಕೊಳ್ಳುವವರು ಇಲ್ಲೇ ಎಡವುತ್ತಾರೆ. ಅವಳು ಜೊತೆಗಾರರನ್ನು ನಂಬಿ ಬದುಕುವವಳು.

ಆರು ಚೂರಿ ಎಂದು ನಿಶ್ಚಯಿಸಿದೆವು. ಒಂದಕ್ಕೆ ಎರಡು ಚಿನ್ನದ ನಾಣ್ಯ, ಒಂದು ಪೌಂಡ್ ತೂಕ. ಒಂದು ಸುತ್ತು ಎಂದರೆ ಆಟದ ಕಾಲಮಾನದಲ್ಲಿ ಆರು ಸೆಕೆಂಡು. ಸುತ್ತಿಗೆ ಎರಡರಂತೆ ಎಸೆದರೆ ಹದಿನೆಂಟು ಸೆಕೆಂಡಿಗೆ ಆರೂ ಖಾಲಿ. ಆಮೇಲೆ? ಮಗಳು ಬಹಳ ಹೊತ್ತು ಸುಮ್ಮನೆ ಕೂತಿದ್ದಳು. ಎಸೆದ ಚೂರಿ ತಾನಾಗಿ ಕೈಗೆ ಮರಳುವ ಮಾಯೆಯೂ ಆಟದಲ್ಲಿದೆ. ನಾನು ಬೇಡವೆಂದೆ. ಚೂರಿ ತಾನೇ ಹಿಂದಿರುಗಿ ಬಂದರೆ ಅದನ್ನು ಆಯ್ದು ತರಲು ಅವಳು ಎದುರಾಳಿಯ ಕಾಲ ಬುಡಕ್ಕೆ ನುಗ್ಗುವ ಪ್ರಮೇಯವೇ ಇರುವುದಿಲ್ಲ, ಯಾವುದನ್ನು ಎಸೆಯಬೇಕು, ಯಾವುದನ್ನು ಉಳಿಸಿಕೊಳ್ಳಬೇಕು ಎಂಬ ಸಂಕಟವೂ ಇರುವುದಿಲ್ಲ. ಆ ಸಂಕಟವೇ ಪಾತ್ರ.

"ಹಾಗಾದ್ರೆ ಒಂದನ್ನ ಅವಳು ಯಾವತ್ತೂ ಎಸೆಯಲ್ಲ" ಎಂದಳು ಮಗಳು. "ಅದು ಅವಳಪ್ಪ ಸಾಣೆ ಹಿಡಿದು ಕೊಟ್ಟಿದ್ದು."

ಅಲ್ಲಿಂದ ಪಾತ್ರ ತಾನಾಗಿ ನಡೆಯತೊಡಗಿತು. ಹೆಗಲ ಮೇಲೆ ಸಾಣೆ ಚಕ್ರ ಹೊತ್ತು, ಬೀದಿಯಲ್ಲಿ ಕೂಗುತ್ತ ಬರುವವರನ್ನು ನನ್ನ ತಲೆಮಾರಿನವರೆಲ್ಲ ನೋಡಿದ್ದೇವೆ. ಕಾಲಲ್ಲಿ ತುಳಿದರೆ ಚಕ್ರ ತಿರುಗುತ್ತದೆ, ಕಲ್ಲಿಗೆ ಅಲಗು ತಾಗಿದೊಡನೆ ಕಿಡಿ ಚಿಮ್ಮುತ್ತದೆ, ಸಾಣೆಯವರು ಹೆಬ್ಬೆರಳನ್ನು ಅಲಗಿಗೆ ಅಡ್ಡಲಾಗಿ ಸವರಿ ಹದ ನೋಡುತ್ತಾರೆ. ಅಂಥವರ ಮಗಳು ಮಲ್ಲಿ. ಮಾಂಸದಂಗಡಿಯ ಕತ್ತಿ, ದರ್ಜಿಯ ಕತ್ತರಿ, ಸಿಪಾಯಿಯ ಬಾಕು ಎಲ್ಲವೂ ಅವಳ ಕೈಮೇಲೆ ಹೋಗಿವೆ. ಯಾವ ಚೂರಿಯ ತೂಕ ಹಿಡಿಯಲ್ಲಿದೆ, ಯಾವುದರದು ಮೊನೆಯಲ್ಲಿದೆ ಎಂದು ಹಿಡಿದ ಕೂಡಲೇ ಹೇಳಬಲ್ಲಳು.

ಅವಳ ಶಿವಾಜಿನಗರ ಹಳೆಯ ದಂಡಿನ ಭಾಗ. ದಂಡು ಎಂಬ ಮಾತೇ ಅರ್ಧ ಕಥೆ. 1809ರಲ್ಲಿ ಶ್ರೀರಂಗಪಟ್ಟಣದಿಂದ ಬ್ರಿಟಿಷ್ ಪಡೆ ಹಲಸೂರಿನ ಬಯಲಿಗೆ ಬಂದು ಬೀಡು ಬಿಟ್ಟಿತು. ಪಡೆಯ ಹಿಂದೆ ಅಡುಗೆಯವರು, ದರ್ಜಿಗಳು, ಕುದುರೆ ನೋಡಿಕೊಳ್ಳುವವರು, ವ್ಯಾಪಾರಿಗಳು ಬಂದರು. ತಮಿಳು, ಉರ್ದು, ತೆಲುಗು, ಇಂಗ್ಲಿಷ್ ಇಲ್ಲಿನ ಕನ್ನಡದ ಜೊತೆ ಒಂದೇ ಬೀದಿಯಲ್ಲಿ ಓಡಾಡಿದವು. 1881ರಲ್ಲಿ ಮೈಸೂರು ಒಡೆಯರಿಗೆ ಮರಳಿದಾಗಲೂ ದಂಡು ಬ್ರಿಟಿಷರ ಕೈಯಲ್ಲೇ ಉಳಿಯಿತು. ಪೇಟೆಯಲ್ಲಿ ಒಂದು ಆಡಳಿತ, ದಂಡಿನಲ್ಲಿ ಇನ್ನೊಂದು, ನಡುವೆ ಕಬ್ಬನ್ ಪಾರ್ಕಿನ ಮರಗಳು. ಎರಡೂ ಊರು ಒಂದೇ ನಗರಸಭೆಯಡಿ ಬಂದದ್ದು 1949ರಲ್ಲಿ. ಕಳ್ಳವಿದ್ಯೆಯ ಪಾತ್ರಕ್ಕೆ ಇದಕ್ಕಿಂತ ಒಳ್ಳೆಯ ಊರನ್ನು ಯಾವ ಲೇಖಕನೂ ಹೊಸದಾಗಿ ಹುಟ್ಟಿಸಬೇಕಾಗಿಲ್ಲ. ಮಲ್ಲಿಯ ಕಲ್ಪಿತ ನಗರಕ್ಕೂ ಒಂದು ಪೇಟೆ, ಒಂದು ದಂಡು, ನಡುವೆ ಯಾರದೂ ಅಲ್ಲದ ಒಂದು ತೋಪು ಇಟ್ಟೆವು. ಪುಸ್ತಕ ಪ್ರತಿ ರೋಗ್‌ಗೂ ಕಳ್ಳರ ಗುಟ್ಟಿನ ಭಾಷೆಯೊಂದನ್ನು ಕೊಡುತ್ತದೆ. ನಾವು ಅದನ್ನು ನಾಲ್ಕು ಭಾಷೆ ಬೆರೆತ ದಂಡಿನ ಮಾತು ಮಾಡಿದೆವು. ಶಾಲೆಯಲ್ಲಿ ನಾವು ಆಡುತ್ತಿದ್ದ 'ಕ' ಭಾಷೆಯೂ ಅದರಲ್ಲಿ ಸೇರಿಕೊಂಡಿತು.

ಕಳ್ಳನನ್ನು ನಾಯಕನಾಗಿಸುವುದು ನಮಗೆ ಹೊಸದೇನಲ್ಲ. ವಡ್ಡಾರಾಧನೆಯಲ್ಲಿ ವಿದ್ಯುಚ್ಚೋರನ ಕಥೆ ಇದೆ, ಕಳ್ಳವಿದ್ಯೆಯಲ್ಲಿ ಪಳಗಿದವನು ಕೊನೆಗೆ ಋಷಿಯಾಗುವ ಕಥೆ. ಪಾತ್ರದ ಹಿನ್ನೆಲೆಯನ್ನು ಹತ್ತು ಪುಟ ಬರೆದು ತರುವವರಿಗೆ ನಾನು ವೀರಗಲ್ಲು ನೋಡಿ ಬನ್ನಿ ಎನ್ನುತ್ತೇನೆ. ಯಾರು, ಯಾವ ಊರಿನವರು, ಯಾರ ಮೇಲೆ, ಯಾತಕ್ಕಾಗಿ ಕಾದಿದರು, ಇಷ್ಟನ್ನು ಕಲ್ಲು ಎರಡು ಮೂರು ಸಾಲಿನಲ್ಲಿ ಹೇಳಿ ಮುಗಿಸುತ್ತದೆ. ಮಗಳು ಬರೆದದ್ದೂ ಅಷ್ಟೇ: ದಂಡಿನ ಸಾಣೆಯವರ ಮಗಳು ಮಲ್ಲಿ, ಅಪ್ಪನನ್ನು ಹಿಡಿದೊಯ್ದ ಕೋಟೆಯವರ ಮೇಲೆ, ಅಪ್ಪನಿಗಾಗಿ.

ಹೊರಡುವ ಹೊತ್ತಿಗೆ ನಾಲ್ಕು ಮುಖದ ದಾಳ ಕಾಣೆಯಾಯಿತು. ಸೋಫಾದಡಿ ಹುಡುಕಿದೆವು, ಸಿಗಲಿಲ್ಲ. ಚೂರಿಯ ಗಾಯ ಅಳೆಯಲು ಅದೇ ಬೇಕು. ಅಮ್ಮ ಅಡುಗೆಮನೆಯಿಂದ ಕೇಳಿದರು, "ಒಂದರಿಂದ ನಾಲ್ಕು ತಾನೇ? ಹುಣಿಸೆ ಬೀಜ ತಗೊಂಡು ಹೋಗಿ." ನಾಲ್ಕು ಬೀಜವನ್ನು ಒರಳುಕಲ್ಲಿನ ಅಂಚಿಗೆ ಉಜ್ಜಿ ಒಂದೊಂದು ಮುಖ ಬೆಳ್ಳಗೆ ಮಾಡಿ ಕೊಟ್ಟರು. ಚೌಕಾಬಾರದ ಲೆಕ್ಕ: ಎಷ್ಟು ಬಿಳಿ ಮೇಲೆ ಬಿತ್ತೋ ಅಷ್ಟು ಅಂಕ, ನಾಲ್ಕೂ ಬಿಳಿಯಾದರೆ ಚೌಕ, ಒಂದೂ ಇಲ್ಲದಿದ್ದರೆ ಬಾರ, ಅಂದರೆ ಎಂಟು.

ಮೆಟ್ರೊದಲ್ಲಿ ಕೂತು ಲೆಕ್ಕ ಹಾಕಿದೆ. ಎರಡೂ ಮುಖ ಸಮನಾಗಿ ಬೀಳುತ್ತವೆ ಎಂದುಕೊಂಡರೆ ನಾಲ್ಕು ಬೀಜ ಬೀಳುವ ರೀತಿ ಹದಿನಾರು. ಒಂದು ಬೀಳುವುದು ನಾಲ್ಕು ರೀತಿ, ಎರಡು ಆರು ರೀತಿ, ಮೂರು ನಾಲ್ಕು ರೀತಿ, ಚೌಕ ಒಂದು, ಬಾರ ಒಂದು. ಎಲ್ಲ ಕೂಡಿದರೆ 40, ಹದಿನಾರರಿಂದ ಭಾಗಿಸಿದರೆ 2.5. ನಾಲ್ಕು ಮುಖದ ದಾಳದ ಸರಾಸರಿಯೂ ಸರಿಯಾಗಿ 2.5! ಎರಡು ಸಲ ತಾಳೆ ನೋಡಿದೆ. ಅಜ್ಜಿಯಂದಿರ ಆಟದ ನಾಲ್ಕು ಬೀಜ, ಸಮುದ್ರದಾಚೆಯ ಆಟದ ದಾಳದಷ್ಟೇ ತೂಗುತ್ತವೆ. ಮೇಲೆ, ಹದಿನಾರಕ್ಕೊಮ್ಮೆ ಎಂಟರ ಏಟು. ಚೂರಿಯ ಸ್ವಭಾವಕ್ಕೆ ಇದೇ ಹೆಚ್ಚು ಹತ್ತಿರ. ಬಹುಪಾಲು ಸಣ್ಣ ಗಾಯ, ಎಂದೋ ಒಮ್ಮೆ ಮರ್ಮಕ್ಕೆ.

ಅಮ್ಮ ಇನ್ನೊಂದು ಮಾತನ್ನೂ ಕೂಗಿ ಹೇಳಿದ್ದರು: "ಚೌಕ, ಬಾರ ಬಿದ್ರೆ ಇನ್ನೊಂದ್ ಸಲ ಹಾಕ್ಬೇಕು ಕಣೇ, ಬಿಡ್ಬೇಡ." ಆ ನಿಯಮ ಸೇರಿಸಿದರೆ ಸರಾಸರಿ 2.86ರ ಹತ್ತಿರಕ್ಕೆ ಏರುತ್ತದೆ. ಡಿಎಂ ಆಗಿ ನಾನು ಒಪ್ಪಿದೆ. ಗಿಡ್ಡ ಬಿಲ್ಲಿನ 3.5ಕ್ಕೆ ಅದು ಇನ್ನೂ ಕಡಿಮೆಯೇ.

ಇಂದಿರಾನಗರದ ಮಹಡಿಯಲ್ಲಿ ಆ ಸಂಜೆ ಕೋಟೆಯ ಅಡುಗೆಮನೆಯೊಳಗೆ ಕಾಳಗ ನಡೆಯಿತು. ಮಲ್ಲಿ ಒಲೆಯ ಮರೆಯಲ್ಲಿದ್ದಳು. ಮೂರನೆಯ ಸುತ್ತಿನ ಹೊತ್ತಿಗೆ ನಾಲ್ಕು ಚೂರಿ ಹೋಗಿದ್ದವು, ಐದನೆಯದು ಗೋಡೆಗೆ ಬಡಿಯಿತು. ಉಳಿದದ್ದು ಅಪ್ಪನದು. ಎದುರಿಗೆ ಕಾವಲುಗಾರರ ಮುಖ್ಯಸ್ಥ, ಅವನ ಕತ್ತಿಯಡಿ ನಮ್ಮ ಜೊತೆಗಾರ. ಮೇಜಿನ ಸುತ್ತ ಯಾರೂ ಮಾತಾಡಲಿಲ್ಲ. ಮಗಳು ನನ್ನ ಮುಖ ನೋಡಿದಳು, ಶೀಟ್ ನೋಡಿದಳು. ಆಮೇಲೆ ಇಪ್ಪತ್ತರ ದಾಳ ಉರುಳಿಸಿದಳು. ಹದಿನಾಲ್ಕು, ತಾಗಿತು. ಹುಣಿಸೆ ಬೀಜ ಎಸೆದಳು. ನಾಲ್ಕೂ ಕಪ್ಪು. ಬಾರ!

ಆಟ ಮುಗಿದ ಮೇಲೆ ಚೂರಿಗಳ ಲೆಕ್ಕವಾಯಿತು. ಐದು ಸಿಕ್ಕವು. ಅಪ್ಪನದನ್ನು ಆ ಮುಖ್ಯಸ್ಥ ಬೆನ್ನಲ್ಲಿ ಹೊತ್ತುಕೊಂಡೇ ಕಿಟಕಿಯಿಂದ ಕೆರೆಗೆ ಹಾರಿದ್ದ. ಮುಂದಿನ ಭಾನುವಾರದ ಕಥೆ ಆ ಕೆರೆಯಿಂದ.

ಈ ಆಟದ ಪುಸ್ತಕಗಳಲ್ಲಿ ನಮ್ಮ ದೇಶದ ನೆಲಕ್ಕೂ ಜಾಗ ಸಿಗತೊಡಗಿದೆ. 2022ರ ರೇಡಿಯಂಟ್ ಸಿಟಡೆಲ್ ಸಂಕಲನದಲ್ಲಿ ಮಿಮಿ ಮಂಡಲ್ ಬರೆದ ಪ್ರಸಂಗ ಬಂಗಾಳದ ನದಿಗಳಿಂದ ಹುಟ್ಟಿದ್ದು. ದಂಡಿನ ಸಂದಿ, ಮಲೆನಾಡಿನ ಘಟ್ಟ, ಕೊಡಗಿನ ಪೀಚೆಕತ್ತಿ ಇವಕ್ಕಾಗಿ ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ. ಈ ವಾರ ನಾಲ್ಕು ಜನ ಸೇರಿ. ಮೂಲ ನಿಯಮಗಳು ಉಚಿತವಾಗಿಯೇ ಸಿಗುತ್ತವೆ. ನಾಲ್ಕು ಹುಣಿಸೆ ಬೀಜ ಉಜ್ಜಿಟ್ಟುಕೊಳ್ಳಿ, ಪಾತ್ರಕ್ಕೆ ನಿಮ್ಮ ಬೀದಿಯ ಹೆಸರಿಡಿ, ಕನ್ನಡದಲ್ಲೇ ಆಡಿ.